ಮ್ಯಾಟಿನಿಗೆ ಇಪ್ಪತ್ತು ಕಡಿಮೆ

ಒಂದು ಜೇಬಿಗೆ ಒಂದೂಮುಕ್ಕಾಲು ರೂಪಾಯಿ.
ದಿನಕ್ಕೆ ಇನ್ನೂರು ಜೇಬು, ಕರೆಂಟು ಕೈಕೊಡದಿದ್ದರೆ.
ರಾಯದುರ್ಗದ ಕೋಟೆಬೆಟ್ಟದ ಕೆಳಗೆ
ತಗಡಿನ ಶೆಡ್ಡಿನಲ್ಲಿ ಕೂತು
ಕಾಣದ ಊರಿನ ಗಂಡಸರ ದುಡ್ಡಿಗೆ
ಮನೆ ಕಟ್ಟಿಕೊಡುತ್ತೇನೆ ನಾನು.
ಬೆರಳ ತುದಿಯ ನೀಲಿ
ಸೀಗೆಪುಡಿಗೂ ಹೋಗುವುದಿಲ್ಲ, ಹುಣಸೆಹಣ್ಣಿಗೂ ಹೋಗುವುದಿಲ್ಲ.

ಶನಿವಾರ ಬಟವಾಡೆ.
ಭಾನುವಾರ ಸುಂಕಣ್ಣ ಬಂದ:
"ಸಿನಿಮಾಕ್ಕೆ ಹೋಗಣೇನು ಹುಲಿಗೆಮ್ಮಾ,
ನಗ್ಸೋದೂ ಐತಂತೆ, ಅಳ್ಸೋದೂ ಐತಂತೆ."
ಹೆಸರಲ್ಲೇ ಸುಂಕ ಇಟ್ಟುಕೊಂಡವನು
ನನ್ನ ಮುಂದೆ ಮಾತ್ರ
ಒಂದು ಮಾತಿಗೂ ಗೇಟು ಹಾಕಲಾರ, ತಡವರಿಸುತ್ತಾನೆ.

ಹಳೇ ಟಾಕೀಸಿನ ಕಿಂಡಿಯ ಮುಂದೆ
ಅವನು ಕೈ ಇಳಿಸಿದ ಜೇಬು ನೋಡಿದೆ.
ಅಯ್ಯೋ, ನನ್ನದೇ!
ದಾರ ಹರಿದು, ಎಡಕ್ಕೆ ಓರೆಯಾಗಿ,
ಮೇಸ್ತ್ರಿ ಮುಖಕ್ಕೆ ಎಸೆದು ಕೂಲಿ ಹಿಡಿದುಕೊಂಡ
ಆ ರಿಜೆಕ್ಟ್ ಮಾಲು
ಇವನ ಸೊಂಟಕ್ಕೆ ಬಂದು ಕೂತಿದೆ.
ಓರೆ ಜೇಬಿನಿಂದ ನೋಟು ಬಂತು, ಚಿಲ್ಲರೆ ಬಂತು,
ಹಳೇ ಬಸ್ ಟಿಕೀಟು, ಒಂದು ಹಿತ್ತಾಳೆ ಗುಂಡಿ ಬಂತು,
ಇಪ್ಪತ್ತು ರೂಪಾಯಿ ಮಾತ್ರ ಬರಲಿಲ್ಲ.
ಹಿಂದಿನವರು ನೂಕುತ್ತಿದ್ದರು.
ತೆಲುಗಿನಲ್ಲಿ ಡಬ್ಬು ಅಂದರೆ ದುಡ್ಡು,
ನಮ್ಮಲ್ಲಿ ದಬ್ಬು ಅಂದರೆ ನೂಕು;
ಎರಡೂ ಒಂದೇ ಅಂತ ಆ ಸಾಲಿನಲ್ಲಿ ತಿಳಿಯಿತು.
ಕರ್ಚೀಫಿನ ಗಂಟು ಬಿಚ್ಚಿದೆ.

ಪ್ರೇಮದ ಮಾತನ್ನು ತೆಲುಗಿನಲ್ಲಿ ಕೇಳಿಸಿಕೊಂಡು
ಕನ್ನಡದಲ್ಲಿ ನಾಚಿಕೊಳ್ಳುವುದು ನಮ್ಮ ಕಡೆಯ ರೂಢಿ.
ಪರದೆಯ ಮೇಲಿನ ಹುಡುಗ
ಬಾಡಿಗೆ ಕೋಟು ತೊಟ್ಟು, ಬಾಡಿಗೆ ಕಾರಿಳಿದು
ಹುಡುಗಿಯ ಅಪ್ಪನಿಗೆ ಹೇಳಿದ, ನಮ್ಮದು ಮೂರು ಮಿಲ್ಲು.
ಕೋಟಿನ ಬೆನ್ನಿಗೆ ಅಂಗಡಿಯ ಚೀಟಿ ನೇತಾಡುತ್ತಿತ್ತು,
ಅದು ಅಪ್ಪನ ನಾಯಿಗೆ ಕಂಡಿತು, ಅಪ್ಪನಿಗೆ ಕಾಣಲಿಲ್ಲ.
ಟಾಕೀಸೆಲ್ಲ ಬಿದ್ದು ಬಿದ್ದು ನಕ್ಕಿತು.
ನಾನು ಕಣ್ಣೊರೆಸಿಕೊಂಡು ತಿರುಗಿದರೆ
ಸುಂಕಣ್ಣ ನಗುತ್ತಿಲ್ಲ.
ಮೆಣಸಿನಕಾಯಿ ಬಜ್ಜಿಯ ಕಾಗದವನ್ನು
ಮಡಚುತ್ತಿದ್ದಾನೆ, ಬಿಚ್ಚುತ್ತಿದ್ದಾನೆ.

ಇಂಟರ್ವೆಲ್ಲಾದ ಮೇಲೆ ಹುಡುಗ ನಿಜ ಹೇಳಿದ.
ಅವನ ನಿಜಕ್ಕೆ ಮಳೆ ಬಂತು, ಪಿಟೀಲು ಬಂತು,
ಹುಡುಗಿ ಸೇತುವೆ ಮೇಲೆ ನಿಂತು ಸೂಟ್‌ಕೇಸು ತೆರೆದು
ಅಪ್ಪನ ನೋಟುಗಳನ್ನೆಲ್ಲ ಹೊಳೆಗೆ ಸುರಿದಳು.
ಜನ ಎದ್ದುನಿಂತು ಶಿಳ್ಳೆ ಹಾಕಿದರು.
ನಾನು ಎಣಿಸುತ್ತಿದ್ದೆ:
ಒಂದೂಮುಕ್ಕಾಲಿನಂತೆ ಎಷ್ಟು ಜೇಬು,
ಎಷ್ಟು ವರ್ಷದ ಬೆನ್ನುನೋವು ಆ ಹೊಳೆಗೆ.
ಒಂದು ನೋಟಾದರೂ ದಡ ಹತ್ತಲಿ ಅಂತ
ಕತ್ತಲಲ್ಲೇ ಸುಂಕ್ಲಮ್ಮನಿಗೆ ಕೈಮುಗಿದೆ.

ಸುಂಕಣ್ಣನ ನಿಜಕ್ಕೆ ಸಿಕ್ಕಿದ್ದು ಸೈಕಲ್ ಸ್ಟ್ಯಾಂಡು.
ಟೋಕನ್ ಕಳೆದಿತ್ತು, ದಂಡ ಹತ್ತು ರೂಪಾಯಿ.
ಸ್ಟ್ಯಾಂಡಿನ ಮುದುಕ ತೆಲುಗಿನಲ್ಲಿ ಬಯ್ಯುತ್ತಿದ್ದ,
ಸಾಲದೆ ಬಂದಾಗ ಕನ್ನಡಕ್ಕೆ ಹೊರಳುತ್ತಿದ್ದ.
ಅದರ ನಡುವೆ, ಹ್ಯಾಂಡಲ್ ಹಿಡಿದುಕೊಂಡು,
"ನಿಮ್ಮಣ್ಣಗೆ ನಾ ಸೂಪರ್‌ವೈಜರ್ ಅಂತ ಹೇಳೀನಿ.
ಅಲ್ಲ. ದಾರ ಕತ್ತರಿಸೋನು.
ಪ್ಯಾಂಟಿಗೆ ಎಂಟಾಣೆ."

ಮಳೆ ಬರಲಿಲ್ಲ. ಬಿಸಿಲು ಬೆಟ್ಟದ ಬಂಡೆಗೆ ಬಿದ್ದು
ವಾಪಸು ನಮ್ಮ ಮುಖಕ್ಕೇ ಹೊಡೆಯುತ್ತಿತ್ತು.
"ಗೊತ್ತು" ಅಂದೆ.
ಸೂಪರ್‌ವೈಜರನ ಅಂಗಿ ತೋಳಿಗೆ
ತುಂಡು ದಾರ ಹೀಗೆ ಅಂಟಿಕೊಂಡಿರುವುದಿಲ್ಲ.
ಮತ್ತೆ ಗಂಟು ಬಿಚ್ಚಿ ಮುದುಕನಿಗೆ ಹತ್ತು ಕೊಟ್ಟೆ.
ಟೋಕನ್ನು ಆಮೇಲೆ ಸಿಕ್ಕಿತು,
ಓರೆ ಜೇಬಿನ ಮೂಲೆಯಲ್ಲಿ,
ನನ್ನ ಹೊಲಿಗೆ ತಪ್ಪಿದ ಸಂದಿಯಲ್ಲಿ.

ಕೂಲಿ ಪುಸ್ತಕದ ಕೊನೇ ಹಾಳೆಯಲ್ಲಿ
ಬರೆದಿಟ್ಟುಕೊಂಡೆ: ಸುಂಕಣ್ಣ, ಮೂವತ್ತು.
ದಿನಕ್ಕೊಂದು ಸಲ ತೆಗೆದು ನೋಡುತ್ತಿದ್ದೆ.
ಬುಧವಾರ ಊಟದ ಹೊತ್ತಿಗೆ ಬಂದು
ಬೆವರಿದ ಅಂಗೈಯಿಂದ ಐದು ರೂಪಾಯಿ ಕೊಟ್ಟ,
"ಉಳಿದದ್ದು ಬರೋ ವಾರ."
ಎಲ್ಲಿಲ್ಲದ ಸಿಟ್ಟು ಬಂತು ನನಗೆ.
ಕೇಳಿದವರು ಯಾರು?
ಆವತ್ತು ಮಧ್ಯಾಹ್ನ ಹೊಲಿದ ಜೇಬೆಲ್ಲ ಓರೆ.