ಕಾಗದ ಕಂದಿದರೆ

ಅರಸೀಕೆರೆ ರೈಲ್ವೆ ಕಾಲೊನಿಯಲ್ಲಿ
ಗಾರ್ಡ್ ದೊರೆಸಾನಿಗೆ ಶನಿವಾರ ಸಂಜೆ ಕುಣಿತ.
ನಮ್ಮಜ್ಜಿ ಸಣ್ಣತಿಮ್ಮಿ
ಇಂಜಿನ್ನಿನಿಂದ ಉದುರಿದ ಕಲ್ಲಿದ್ದಲು ಊದಿ
ಗುಂಗುರು ಇಕ್ಕಳ ಕಾಯಿಸುತ್ತಿದ್ದಳು.

ಮೊದಲು ಹಳೇ ಪೇಪರಿಗೆ ಹಿಡಿಯಬೇಕು:
ಕಂದಿದರೆ ಕಾವು ಹೆಚ್ಚು, ಗಾಳಿಗೆ ಆಡಿಸು.
ಬಿಳಿಯೇ ಉಳಿದರೆ ಮತ್ತೆ ಕೆಂಡಕ್ಕೆ.
ಯುದ್ಧದ ಸುದ್ದಿಯೆಲ್ಲ ಹೀಗೆ
ಕಂದು ಗೆರೆಗೆರೆಯಾಗಿ ಒಲೆ ಸೇರಿತು.
ಅಕ್ಷರ ತಿಳಿಯದ ಅಜ್ಜಿಗೆ
ಕಾವು ಓದಲು ಬರುತ್ತಿತ್ತು.

ಕಿವಿಯ ಹಿಂದೆ ಅವಳಿಗೊಂದು ಸುಟ್ಟ ಕಲೆ,
ಬೆರಳಗಲ. ಗಂಜಿ ಸಿಡಿದದ್ದು, ಅನ್ನುವಳು.

ಸಾಯುವ ವರ್ಷ, ನಾನು ತಲೆ ಬಾಚುವಾಗ, ತಾನಾಗಿ:
"ಒಂದೇ ಸಲ ಕಣೇ.
ದೊರೆಸಾನಿ ಕುಣಿಯಾಕೆ ಹೋದ್ ಮ್ಯಾಲೆ,
ಅವರ ಕನ್ನಡೀಲಿ.
ಪೇಪರ್ ಹಿಡಿಯೋದು ಮರೆತೆ."

ಎಷ್ಟು ಹೊತ್ತು ನಿಂತಿತ್ತು ಗುಂಗುರು?

"ಎಂಟೂವರೆ ಪ್ಯಾಸೆಂಜರ್ ಬರೋ ತನಕ."