ನಾಲ್ಕು ಬೆರಳು ದೂರ

ಮಾಯಿಮು ಚಿಕ್ಕಮ್ಮ ಮಸೂರ ಬಿಚ್ಚಿ
ಹಿಂದುಮುಂದಾಗಿ ಹಚ್ಚಿದಳು.
ನಡುವೆ ತಳ ಕೊರೆದ ಮೀನಿನ ಡಬ್ಬಿ,
ಒಳಗೆಲ್ಲ ಬೂಟಿನ ಕಪ್ಪು ಬಳಿದದ್ದು,
ಸುತ್ತ ಸೈಕಲ್ ಟ್ಯೂಬಿನ ಪಟ್ಟಿ.
ಸಾರೆಮಾ ದ್ವೀಪದ ಕಾರ್ಖಾನೆಯಲ್ಲಿ
ಹಗಲೆಲ್ಲ ಅವಳು ಮೀನು ತುಂಬುತ್ತಿದ್ದುದು
ಇಂಥವೇ ಡಬ್ಬಿಗಳಿಗೆ.
ಇದೊಂದು ಬರಿದಾಗಿಯೇ ಮನೆಗೆ ಬಂದಿತ್ತು.

ದೂರ ಕಾಣಲೆಂದು ಮಾಡಿದ ಕಣ್ಣು
ತಿರುವಿಟ್ಟರೆ ಹತ್ತಿರವನ್ನಷ್ಟೇ ಕಾಣುತ್ತದೆ,
ಅದೂ ನಾಲ್ಕು ಬೆರಳು ದೂರದಲ್ಲಿ.
ಮೂರೂವರೆಗೆ ಮಂಜು, ನಾಲ್ಕೂವರೆಗೆ ಮಂಜು.
ಉಂಗುರ ತಿರುಪಿ ಪ್ರಯೋಜನವಿಲ್ಲ,
ಮೈಯೇ ಮುಂದೆ ಬಾಗಬೇಕು, ಮೈಯೇ ಹಿಂದೆ.
ಇರುವೆಯ ಮೀಸೆ ಸಿಕ್ಕಿದರೆ ಕಣ್ಣು ಹೋಯಿತು,
ಕಣ್ಣು ಸಿಕ್ಕಿತು ಅನ್ನುವಾಗ
ಇರುವೆಯೇ ಹೋಯಿತು.

ನನಗಾಗ ಒಂಬತ್ತು. ಬೆಳಕು ಹಿಡಿಯುವ ಕೆಲಸ ನನ್ನದು.
ಕೂಲಿಯನ್ನು ಮೊದಲೇ ತಿಂದಾಗಿತ್ತು, ಚಾಕೊಲೇಟು.
ಅದರ ಬೆಳ್ಳಿಕಾಗದ ರಟ್ಟಿಗಂಟಿಸಿ
ಬಿಸಿಲನ್ನು ಒಂದಿಷ್ಟು ಅತ್ತ ತಳ್ಳುವುದು, ಅಷ್ಟೆ.
ಜೂನ್ ತಿಂಗಳು. ರಾತ್ರಿ ಹತ್ತಾದರೂ ಸೂರ್ಯ
ಎದ್ದು ಹೋಗಲೊಲ್ಲದ ನೆಂಟ,
ಜುನಿಪರ್ ಪೊದೆಗೆ ಒರಗಿ ಕೂತೇ ಇದ್ದ.

"ಎಷ್ಟು ಉಳಿದಿದೆ?"
"ಎರಡು."
ಮೂವತ್ತಾರರಲ್ಲಿ ಎರಡು.

ಆಗ ಬಂದು ಕೂತಿತು ಸೊಳ್ಳೆ,
ಅವಳ ಎಡಗೈಯ ಮಣಿಕಟ್ಟಿನ ಮೇಲೆ.
ಹೊಡೆಯಲು ಕೈಯೆತ್ತಿದೆ.
"ಉಶ್. ಬೆಳಕು."
ಮೆಟ್ಟಿಲ ಮೇಲೆ ಹಿಟ್ಟಿನ ಚೀಲ,
ಚೀಲದ ಮೇಲೆ ಕ್ಯಾಮೆರಾ,
ಬಲಗೈ ಬೆರಳು ಗುಂಡಿಯ ಮೇಲೆ.
ಎಡಗೈಯನ್ನು ಮಾತ್ರ
ತುಂಬಿದ ಬಟ್ಟಲು ತರುವ ಹಾಗೆ
ಮೆಲ್ಲನೆ ತಂದಳು ಮಸೂರದೆದುರು.
ಸೊಳ್ಳೆ ಕುಡಿಯಿತು. ಬೂದು ಹೊಟ್ಟೆ ನಸುಗೆಂಪಾಯಿತು,
ಕೆಂಪಾಯಿತು, ಇನ್ನೇನು ಒಡೆಯುವ ಕಾಡುಹಣ್ಣಾಯಿತು.
ಉಸಿರು ಬಿಟ್ಟರೆ ಅರ್ಧ ಬೆರಳು ಅಲುಗೀತೆಂದು
ಅವಳು ಉಸಿರು ಬಿಡಲಿಲ್ಲ,
ನಾನೂ ಬಿಡಲಿಲ್ಲ.
ಕ್ಲಿಕ್.
ಇನ್ನೊಂದು.

ಮೂರು ವಾರ ಕಳೆದು
ಸೌನಾ ಕೋಣೆಯ ಒಲೆ ಆರಿಸಿ, ಕಿಟಕಿಗೆ ಕಂಬಳಿ ಹೊದಿಸಿ
ರೀಲು ತೊಳೆದಳು. ಟ್ರೇಯ ನೀರಿನಲ್ಲಿ
ಕಾಗದ ಸಾವಕಾಶ ಬಣ್ಣ ತಾಳಿತು,
ಬಣ್ಣವೆಂದರೆ ಕಪ್ಪು, ಬಿಳಿ, ಬೂದಿ.
ಕೆಂಪು ಎಲ್ಲಿಯೂ ಇಲ್ಲ.
ಸೊಳ್ಳೆಯೂ ಇಲ್ಲ, ಒಂದು ಕರಿ ಮಸಿಯ ಹೊರತು.
ಸ್ಪಷ್ಟವಾಗಿ, ಕೊರೆದಿಟ್ಟಂತೆ ಬಂದದ್ದು
ಅವಳ ಕೈಯ ಒಂದೇ ಒಂದು ರೋಮ,
ಅದರ ಬುಡದಲ್ಲಿ ಮೀನಿನ ಒಂದು ಹುರುಪೆ.
ಮೂರು ಸಲ ಸೋಪು ಹಾಕಿ ಉಜ್ಜಿದ ಕೈ ಅದು.

"ಸೊಳ್ಳೆ ಎಲ್ಲಿ?" ಅಳು ಬಂದಿತ್ತು ನನಗೆ.
"ಅಲ್ಲೇ ಇದೆಯಲ್ಲೋ, ಮಂಜಿನಲ್ಲಿ,
ಹೊಟ್ಟೆ ತುಂಬ ಉಂಡು ಕೂತಿದೆ."
ಆಮೇಲೆ ಕೆಂಪು ಬಲ್ಬಿನಡಿ ಬಾಗಿದಳು,
ನಾಲ್ಕು ಬೆರಳು ದೂರ,
ಹುರುಪೆಯೊಳಗಿನ ಉಂಗುರಗಳನ್ನು
ಉಗುರಿನ ತುದಿಯಲ್ಲಿ ಎಣಿಸಿದಳು.
"ಮೂರು," ಅಂದಳು. "ಮೂರು ವರ್ಷ ಬದುಕಿತ್ತು ಇದು."