ತೇವಾಂಶ ಕಳೆದು

ಇಪ್ಪತ್ತಾರು ವರ್ಷದಿಂದ ಗೋಣಿಕೊಪ್ಪದ ಈ ಮಂಡಿಯಲ್ಲಿ
ಊರವರ ಕಾಫಿ ತೂಗುವವಳು ನಾನು.
ಚೀಲ ಇಳಿದ ಸದ್ದಿಗೇ ಹೇಳುತ್ತೇನೆ,
ಇದು ಒಣಗಿಲ್ಲ.
ಆದರೂ ಮೀಟರ್ ಇಡುತ್ತೇನೆ, ಮಾತು ಬೆಳೆಯಬಾರದಲ್ಲ.

ಈಗ ನನ್ನನ್ನೇ ತೂಗುತ್ತಾರೆ.
ಟಯರ್ ಅಂಗಡಿಯ ಮಹಡಿ ಮೇಲೆ
ತೊಂಬತ್ತು ದಿನದ ಚಾಲೆಂಜು,
ಗೆದ್ದವರಿಗೆ ಫೀಸು ವಾಪಸ್ಸು.
ಶೆಮೀನಾ ಇಕ್ಕಳದಂಥದ್ದೊಂದು ತಂದು
ತೋಳಿನ ಹಿಂದೆ, ಸೊಂಟದ ಪಕ್ಕ, ತೊಡೆಯಲ್ಲಿ
ಮಡಿಕೆ ಹಿಡಿದು ಎಳೆದು
ಮೂವತ್ತೆಂಟು ಪಾಯಿಂಟ್ ನಾಲ್ಕು ಅಂತ ಬರೆದುಕೊಂಡಳು.
ನೂರರಲ್ಲಿ ಅಷ್ಟು ಪಾಲು ಕೊಬ್ಬು.
ಉಳಿದದ್ದು ಚೋಂದಮ್ಮ.

ಇವರು ಹೋದ ಮೇಲೆ ನನ್ನ ಸೊಂಟ ಯಾರೂ ಮುಟ್ಟಿರಲಿಲ್ಲ.
ಆ ತಣ್ಣಗಿನ ಇಕ್ಕಳಕ್ಕೆ ಕಣ್ಣು ತುಂಬಿತು.
ನೋಯ್ತಾ ಅಕ್ಕ, ಅಂದಳು ಹುಡುಗಿ.
ಹೂಂ ಅಂದೆ.

ಎರಡನೇ ವಾರಕ್ಕೆ ಎರಡು ಕಿಲೋ ಇಳಿದು
ನಗುನಗುತ್ತ ಮೆಟ್ಟಿಲು ಹತ್ತಿದರೆ
ಅದು ನೀರು ಅಕ್ಕ, ಕೊಬ್ಬು ಅಷ್ಟೇ ಇದೆ, ಅನ್ನುವುದೇ!
ನನಗೆ ಹೇಳಿಕೊಡಬೇಕೇ ಅದನ್ನು?
ತೇವ ಹೋದರೆ ತೂಕ ಹೋಗುತ್ತದೆ, ಬೀಜ ಬೀಜವಾಗೇ ಇರುತ್ತದೆ,
ಇದನ್ನೇ ಹೇಳಿ ಎಷ್ಟು ಬೆಳೆಗಾರರಿಂದ ಬೈಸಿಕೊಂಡಿಲ್ಲ ನಾನು.

ಅಂಕಿಗಳನ್ನು ಮಂಡಿಯ ಚೀಟಿ ಪುಸ್ತಕದ ಹಿಂಬದಿಗೆ ಬರೆದಿಟ್ಟೆ.
ಹಮಾಲಿ ರಫೀಕುಲ್ ಇಣುಕಿ ನೋಡಿ
ಇದ್ಯಾವ ತೋಟದ ಲೆಕ್ಕ ಮೇಡಂ, ಅಂದ.
ಸಣ್ಣ ತೋಟ ಕಣೋ, ಅಂದೆ.

ನಡುವೆ ಪುತ್ತರಿ.
ತಂಬುಟ್ಟಿಗೆ ತುಪ್ಪ ಬೇಡ ಅಂದರೆ
ಅತ್ತಿಗೆ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಅಂತ.
ತಿಂದೆ. ಎರಡು ಸಲ.
ಮಂಗಳವಾರ ಇಕ್ಕಳ ಸುಳ್ಳು ಹೇಳಲಿಲ್ಲ.

ಕರಗಿದ್ದು ಎಲ್ಲಿಗೆ ಹೋಗುತ್ತದೆ ಹುಡುಗಿ?
ಬೆವರು, ಮೂತ್ರ ಸ್ವಲ್ಪ ಅಕ್ಕ. ಬಹುಪಾಲು ಉಸಿರಲ್ಲಿ.

ಅವತ್ತಿನಿಂದ ಹಾತೂರಿನ ಕಡೆ ಏರು ಹತ್ತುವಾಗ
ಜನವರಿಯ ಚಳಿಗೆ ಬಾಯಿಂದ ಬಿಳಿ ಹೊಗೆ ಬಂದರೆ
ನಿಂತು ನೋಡುತ್ತೇನೆ:
ಅದೋ ಹೋಯಿತು ಅಣ್ಣನ ಮಗನ ಮದುವೆಯ ಪಂದಿಕರಿ,
ಅದೋ ಮೈಸೂರು ಆಸ್ಪತ್ರೆಯ ಕ್ಯಾಂಟೀನಿನಲ್ಲಿ
ಕಾಯುತ್ತ ಕಾಯುತ್ತ ತಿಂದ ಬನ್ನುಗಳು,
ಅದೋ, ಇವರ ಮಾದದ ದಿನ
ಯಾರೋ ಬಲವಂತಕ್ಕೆ ಬಡಿಸಿದ ಅನ್ನ.
ಹಾಲುವಾಣ ಮರದ ಕೆಳಗೆ ಮಂಜೂ ಅದೂ ಬೆರೆತು
ಯಾವುದು ಯಾವುದೋ ತಿಳಿಯದೆ ಹೋಗುತ್ತದೆ.

ತೊಂಬತ್ತನೇ ದಿನ ಮೂವತ್ತನಾಲ್ಕು ಪಾಯಿಂಟ್ ಒಂದು.
ಫೀಸು ಪೊನ್ನಂಪೇಟೆಯ ಟೀಚರಿಗೆ ವಾಪಸ್ಸು ಹೋಯಿತು.
ನನಗೆ ಒಂದು ನೀರಿನ ಬಾಟಲಿ,
ಹಳೇ ರವಿಕೆಯಲ್ಲಿ ಎರಡು ಬೆರಳು ಜಾಗ.

ರಸ್ತೆಬದಿಯ ರೊಬಸ್ಟಾ ಗಿಡಗಳು
ನಾನು ಬಿಟ್ಟದ್ದನ್ನೆಲ್ಲ ಸುಮ್ಮನೆ ಕುಡಿದುಕೊಂಡಿವೆ.
ಕುಡಿಯಲಿ.
ಮಾರ್ಚಿಯ ಮಳೆಗೆ ಹೂವಾಗಿ, ಕಾಯಾಗಿ, ಹಣ್ಣಾಗಿ
ಮುಂದಿನ ಸಲ ಯಾರದೋ ಚೀಲದಲ್ಲಿ
ನನ್ನ ತಕ್ಕಡಿಗೇ ಬಂದೀತು.
ಸದ್ದಿಗೇ ಗುರುತು ಹಿಡಿಯುತ್ತೇನೆ.
ಹಿಡಿದರೂ
ತೇವಾಂಶ ಕಳೆದೇ ತೂಗುತ್ತೇನೆ.